ಸಂದರ್ಶನ ಮುಗಿಯಿತು, ಹಕ್ಕು ಮುಗಿಯಲಿಲ್ಲ

ಪ್ಲಸ್ ಟು ಫಲಿತಾಂಶ ಬಂದ ನಂತರದ ಎರಡು ಮೂರು ತಿಂಗಳು ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಕಾಯುವ ಕಾಲ. ಮಗಳು ಬಿ.ಫಾರ್ಮಾಗೆ ಅರ್ಜಿ ಹಾಕಿರುತ್ತಾಳೆ. ಮಗ ಡಿ.ಫಾರ್ಮಾ ಆದರೂ ಸಿಗಲಿ ಎಂದು ನಾಲ್ಕು ಕಾಲೇಜುಗಳ ಬಾಗಿಲು ತಟ್ಟಿ ಬಂದಿರುತ್ತಾನೆ. ಕಾಲೇಜಿನವರು ಕರೆದು ಮಾತಾಡಿಸಿ, ಅಂಕಪಟ್ಟಿ ನೋಡಿ, "ಹೇಳಿ ಕಳಿಸುತ್ತೇವೆ" ಎಂದಿರುತ್ತಾರೆ. ಆ ಒಂದು ಮಾತನ್ನು ನಂಬಿ ಇಡೀ ಮನೆ ಕಾಯುತ್ತದೆ. ದಿನಗಳು ವಾರಗಳಾಗುತ್ತವೆ. ಫೋನು ಬರುವುದಿಲ್ಲ, ಪತ್ರವೂ ಬರುವುದಿಲ್ಲ. ಕಡೆಗೆ ಒಂದು ದಿನ ಬೇರೆ ಯಾರೋ ಬಂದು, "ಇಷ್ಟು ಹಣ ಕಟ್ಟಿ, ಸರ್ಟಿಫಿಕೇಟುಗಳನ್ನು ಕೊಡಿ, ಇವತ್ತೇ ಸೀಟು" ಎನ್ನುತ್ತಾರೆ. ಕಾದು ಬೇಸತ್ತ ತಂದೆ ಕೊಟ್ಟುಬಿಡುತ್ತಾರೆ.

ಈ ಸಂಚಿಕೆಯಲ್ಲಿ ನಿಮ್ಮೊಡನೆ ಮಾತಾಡಬೇಕೆಂದಿರುವುದು ಈ ಕಾಯುವ ದಿನಗಳ ಬಗ್ಗೆಯೇ. ಸಂದರ್ಶನಕ್ಕೆ ಮುಂಚೆ ಮಕ್ಕಳನ್ನು ತಯಾರು ಮಾಡುವುದು ಹೇಗೆಂದು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಸಂದರ್ಶನ ಆದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಹೇಳುವವರಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಆಗುವ ನಷ್ಟ ಹೆಚ್ಚಾಗಿ ಸಂದರ್ಶನದ ಕೋಣೆಯ ಒಳಗೆ ಆಗುವುದಿಲ್ಲ. ಅದರ ನಂತರದ ಮೌನದಲ್ಲಿ ಆಗುತ್ತದೆ.

ಫಾರ್ಮಸಿಯನ್ನೇ ಏಕೆ ಆರಿಸಿಕೊಂಡು ಹೇಳುತ್ತಿದ್ದೇವೆ ಎಂದು ಕೇಳಬಹುದು. ನೇಕಾರರ, ಬನಿಯನ್ ಕಂಪನಿ ಕೆಲಸಗಾರರ, ಸಣ್ಣ ರೈತರ ಮನೆಯ ಮಕ್ಕಳಿಗೆ ವೈದ್ಯಕೀಯದ ದಾರಿ ಬಹು ದೂರದ್ದು. ತಮಿಳುನಾಡಿನಲ್ಲಿ ಬಿ.ಫಾರ್ಮಾ ಸೇರಲು ನೀಟ್ ಪರೀಕ್ಷೆ ಬೇಕಿಲ್ಲ. ನಾಲ್ಕು ವರ್ಷ ಓದಿದರೆ ಆಸ್ಪತ್ರೆಯಲ್ಲಿ, ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಗಬಹುದು, ಸ್ವಂತ ಮೆಡಿಕಲ್ ಷಾಪ್ ಕೂಡ ಇಡಬಹುದು. ಡಿ.ಫಾರ್ಮಾ ಎರಡು ವರ್ಷದ ಓದು, ಅದರ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಅದನ್ನು ಮುಗಿಸಿದವರು ಬಿ.ಫಾರ್ಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಉಂಟು. 1948ರ ಫಾರ್ಮಸಿ ಕಾನೂನಿನ 42ನೆಯ ಕಲಮಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ತಯಾರಿಸಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಾಸಿಸ್ಟರಿಗೆ ಮಾತ್ರ. ಸಿರುಮುಗೈಯ ಅಜ್ಜಿಗೆ, ಉದುಮಲಪೇಟೆಯ ತೋಟದ ಆಳಿಗೆ, "ಈ ಮಾತ್ರೆ ಊಟಕ್ಕೆ ಮುಂಚೆ, ಇದು ಊಟ ಆದ ಮೇಲೆ" ಎಂದು ಅವರ ಮಾತಿನಲ್ಲೇ ಹೇಳುವ ಒಬ್ಬ ಫಾರ್ಮಾಸಿಸ್ಟ್ ಊರಲ್ಲಿದ್ದರೆ ಅದರ ಬೆಲೆ ಎಷ್ಟೆಂದು ನಿಮಗೆ ಗೊತ್ತು. ಆದ್ದರಿಂದ ನಮ್ಮ ಒಂದೊಂದು ಮಗುವಿಗೆ ಸಿಗುವ ಒಂದೊಂದು ಸೀಟೂ ಇಡೀ ಊರಿಗೆ ಸೇರಿದ್ದು.

ಈಗ ಸಂದರ್ಶನದ ವಿಷಯಕ್ಕೆ ಬರೋಣ. ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ತಮಿಳುನಾಡು ಸರಕಾರದ ಪಾಲಿನ ಬಿ.ಫಾರ್ಮಾ ಸೀಟುಗಳಿಗೆ ಸಂದರ್ಶನದ ಅಂಕ ಎಂಬುದು ಇಲ್ಲ. ಚೆನ್ನೈ ಮತ್ತು ಮಧುರೈ ವೈದ್ಯಕೀಯ ಕಾಲೇಜುಗಳ ಸೀಟುಗಳನ್ನೂ, ಖಾಸಗಿ ಕಾಲೇಜುಗಳು ಸರಕಾರಕ್ಕೆ ಬಿಟ್ಟುಕೊಡುವ ಸೀಟುಗಳನ್ನೂ ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯದ ಆಯ್ಕೆ ಸಮಿತಿ ತುಂಬುತ್ತದೆ. ಪ್ಲಸ್ ಟುವಿನ ವಿಜ್ಞಾನ ವಿಷಯಗಳ ಅಂಕಗಳಿಂದ ಶ್ರೇಣಿ ಕಟ್ಟುತ್ತಾರೆ. ಹಿಂದುಳಿದವರು, ತೀರ ಹಿಂದುಳಿದವರು, ಪರಿಶಿಷ್ಟರು ಎಂಬ 69 ಶೇಕಡಾ ಮೀಸಲಾತಿಯನ್ನು ಅನುಸರಿಸಿ ಕೌನ್ಸೆಲಿಂಗ್‌ನಲ್ಲಿ ಸೀಟು ಹಂಚುತ್ತಾರೆ. ಭಾಷಾ ಪಾಠದ ಅಂಕ ಈ ಶ್ರೇಣಿಯಲ್ಲಿ ಸೇರುವುದಿಲ್ಲ. ಹಾಗಾಗಿ ಮಗು ಕನ್ನಡ ಓದಿತೆಂಬ ಕಾರಣಕ್ಕೆ ಅರ್ಧ ಅಂಕವೂ ಅಲ್ಲಿ ಕಡಿಮೆಯಾಗದು. "ಕನ್ನಡ ತೆಗೆದುಕೊಂಡದ್ದರಿಂದಲೇ ಸೀಟು ಹೋಯಿತು" ಎಂದು ಯಾರಾದರೂ ಹೇಳಿದರೆ, ಸರಕಾರಿ ಸೀಟಿನ ಮಟ್ಟಿಗೆ ಅದು ಸುಳ್ಳು ಎಂದು ಧೈರ್ಯವಾಗಿ ಹೇಳಿ.

ಸಂದರ್ಶನ ನಡೆಯುವುದು ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಯ ಪಾಲಿನ ಸೀಟುಗಳಿಗೆ ಮತ್ತು ತಮ್ಮದೇ ಪ್ರವೇಶ ಕ್ರಮವಿರುವ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ. ಕೊಯಮತ್ತೂರಿನಲ್ಲಿ ಪಿಎಸ್‌ಜಿ, ಕೆಎಂಸಿಎಚ್, ಶ್ರೀ ರಾಮಕೃಷ್ಣ ಮುಂತಾದ ಸಂಸ್ಥೆಗಳ ಫಾರ್ಮಸಿ ಕಾಲೇಜುಗಳಿವೆ. ಮೇಲೆ ನೀಲಗಿರಿಯಲ್ಲಿ ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆಯವರು 1980ರಲ್ಲಿ ಉದಕಮಂಡಲದಲ್ಲಿ ತೆರೆದ ಫಾರ್ಮಸಿ ಕಾಲೇಜಿದೆ. ಅದೇ ಸಂಸ್ಥೆ ಮೈಸೂರಿನಲ್ಲಿ 1973ರಲ್ಲೇ ಒಂದನ್ನು ಆರಂಭಿಸಿತ್ತು. ಕಾಲೇಜು ಯಾವುದೇ ಇರಲಿ, ಸಂದರ್ಶನ ಎಷ್ಟರ ಮಟ್ಟಿಗೆ ನ್ಯಾಯವಾಗಿರಬೇಕು ಎಂಬುದರ ಬಗ್ಗೆ ನಮ್ಮ ದೇಶದಲ್ಲಿ ದೊಡ್ಡ ಚರಿತ್ರೆಯೇ ಇದೆ. ಅದನ್ನು ಪೋಷಕರು ತಿಳಿದಿರಬೇಕು.

ಹಿಂದೆ ಮದ್ರಾಸ್ ಮತ್ತು ಮೈಸೂರು ರಾಜ್ಯಗಳೆರಡರಲ್ಲೂ ವೃತ್ತಿ ಶಿಕ್ಷಣದ ಸೀಟುಗಳಿಗೆ ಸಂದರ್ಶನದ ಅಂಕಗಳಿದ್ದವು. ಮೈಸೂರಿನ ಪದ್ಧತಿಯನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣ 1964ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸಂದರ್ಶನ ಎಂಬುದೇ ತಪ್ಪೇನಲ್ಲ ಎಂದು ಅಲ್ಲಿ ಕೋರ್ಟು ಹೇಳಿತು. ಆದರೆ ತಮಿಳುನಾಡಿನ ವೈದ್ಯಕೀಯ ಸೀಟುಗಳ ಬಗ್ಗೆ ಪೆರಿಯಕರುಪ್ಪನ್ ಪ್ರಕರಣ ಬಂದಾಗ ಮಾತು ಬದಲಾಯಿತು. ಸಂದರ್ಶನಕ್ಕೆ 75 ಅಂಕಗಳಿದ್ದವು. ಬೇರೆ ಬೇರೆ ಸಮಿತಿಗಳು ಬೇರೆ ಬೇರೆ ಕಡೆ ಕುಳಿತು ಅಂಕ ಹಾಕಿ, ಘಟಕವಾರು ಸೀಟು ತುಂಬಿದ್ದವು. ಒಂದು ಕಡೆ ಕಡಿಮೆ ಅಂಕದವನಿಗೆ ಸೀಟು, ಇನ್ನೊಂದು ಕಡೆ ಹೆಚ್ಚು ಅಂಕದವನಿಗೆ ಇಲ್ಲ ಎಂಬ ಈ ಘಟಕವಾರು ಪದ್ಧತಿ ಸಮಾನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅನಂತರ 1980ರ ನವೆಂಬರಿನಲ್ಲಿ ಕಾಶ್ಮೀರದ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ, ಇಂಥ ಪ್ರವೇಶಗಳಲ್ಲಿ ಸಂದರ್ಶನಕ್ಕೆ ಒಟ್ಟು ಅಂಕಗಳ 15 ಶೇಕಡಾಕ್ಕಿಂತ ಹೆಚ್ಚು ಇಡುವುದು ಮನಬಂದಂತೆ ನಡೆದಂತಾಗುತ್ತದೆ ಎಂದು ಅದೇ ಕೋರ್ಟು ಹೇಳಿತು. ಸಂದರ್ಶನವನ್ನು ಟೇಪಿನಲ್ಲಿ ಧ್ವನಿಮುದ್ರಿಸಿದರೆ ಒಳ್ಳೆಯದೆಂದೂ ಸೂಚಿಸಿತು.

ಅದು ಸರಕಾರಿ ಸ್ವರೂಪದ ಕಾಲೇಜಿನ ಮಾತಾಯಿತು, ಖಾಸಗಿಯವರಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ನೀವು ಕೇಳಬಹುದು. ಖಾಸಗಿಯವರ ಬಗ್ಗೆ ಎರಡು ತೀರ್ಪುಗಳಿವೆ. 2002ರ ಅಕ್ಟೋಬರಿನಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. 2005ರಲ್ಲಿ ಇನಾಮ್ದಾರ್ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಹೇಳಲಾಯಿತು. ಖಾಸಗಿ ಕಾಲೇಜಿಗೆ ತನ್ನ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಉಂಟು. ಆದರೆ ವೃತ್ತಿ ಶಿಕ್ಷಣದಲ್ಲಿ ಆ ಆಯ್ಕೆ ನ್ಯಾಯವಾಗಿರಬೇಕು, ಪಾರದರ್ಶಕವಾಗಿರಬೇಕು, ಅರ್ಹತೆಯನ್ನು ಆಧರಿಸಿರಬೇಕು, ಶೋಷಣೆ ಇರಕೂಡದು ಎಂಬುದು ಅದರ ಸಾರ. ಇದಕ್ಕೂ ಹತ್ತು ವರ್ಷ ಮೊದಲು, 1992ರಲ್ಲೇ, ಕ್ಯಾಪಿಟೇಷನ್ ಶುಲ್ಕ ವಸೂಲಿಯನ್ನು ನಿಷೇಧಿಸುವ ಕಾನೂನು ತಮಿಳುನಾಡಿನಲ್ಲಿ ಬಂದಿತ್ತು. "ಹೇಳಿ ಕಳಿಸುತ್ತೇವೆ" ಎಂದು ತಿಂಗಳುಗಟ್ಟಲೆ ಕಾಯಿಸಿ, ಮಧ್ಯದಲ್ಲಿ ಹಣದ ಮಾತು ತರುವುದು ಪಾರದರ್ಶಕವೂ ಅಲ್ಲ, ನ್ಯಾಯವೂ ಅಲ್ಲ.

ಪೈ ಪ್ರಕರಣದಲ್ಲಿ ನಮಗೆ ಬೇಕಾದ ಇನ್ನೊಂದು ಮಾತೂ ಇದೆ. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಆಧಾರವಾಗಿಟ್ಟು ನಿರ್ಧರಿಸಬೇಕು ಎಂದು ಕೋರ್ಟು ಹೇಳಿತು. ಕರ್ನಾಟಕದಲ್ಲಿ ಬಹುಸಂಖ್ಯಾತರಾದ ಕನ್ನಡಿಗರು ತಮಿಳುನಾಡಿನಲ್ಲಿ ಭಾಷಾ ಅಲ್ಪಸಂಖ್ಯಾತರು. ಇದು ಯಾರೋ ದಯೆಯಿಂದ ಕೊಟ್ಟ ಹೆಸರಲ್ಲ, ಸಂವಿಧಾನದ 29 ಮತ್ತು 30ನೆಯ ವಿಧಿಗಳ ಅರ್ಥದಲ್ಲಿ ನಮಗಿರುವ ಸ್ಥಾನ. ಸಂದರ್ಶನದಲ್ಲಿ ನಿಮ್ಮ ಮಗುವನ್ನು "ನೀನು ಕನ್ನಡದವನಾ, ಇಂಗ್ಲಿಷ್ ಪಾಠ ಅರ್ಥವಾಗುತ್ತದೆಯೇ?" ಎಂದು ಕೇಳಿದರೆ ಹೆದರಬೇಕಿಲ್ಲ. ಬಿ.ಫಾರ್ಮಾ ಪಾಠವೂ ಪರೀಕ್ಷೆಯೂ ಇಂಗ್ಲಿಷಿನಲ್ಲೇ ನಡೆಯುತ್ತವೆ, ಭಾರತೀಯ ಫಾರ್ಮಸಿ ಪರಿಷತ್ತಿನ ನಿಯಮವೇ ಹಾಗಿದೆ. ಅದೇ ನಿಯಮ ಪ್ರವೇಶಕ್ಕೆ ಕೇಳುವುದು ಪ್ಲಸ್ ಟುವಿನಲ್ಲಿ ಇಂಗ್ಲಿಷ್ ಒಂದು ವಿಷಯವಾಗಿರಬೇಕು ಎಂದಷ್ಟೇ. ಹತ್ತನೆಯ ತರಗತಿಯವರೆಗೆ ಯಾವ ಮಾಧ್ಯಮದಲ್ಲಿ ಓದಿದ್ದೀಯೆ ಎಂದು ಅದು ಕೇಳುವುದಿಲ್ಲ. 2006ರ ತಮಿಳು ಕಲಿಕೆ ಕಾನೂನು ಒಂದನೆಯ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಏರಿ 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಅದರ ಬಗ್ಗೆ ನಮ್ಮ ತಕರಾರುಗಳು ಏನೇ ಇರಲಿ, ನಮ್ಮ ಮಕ್ಕಳು ಇಂದು ಮನೆಯ ಕನ್ನಡ, ಊರಿನ ತಮಿಳು, ಪಾಠದ ಇಂಗ್ಲಿಷ್ ಮೂರನ್ನೂ ಹೊತ್ತು ಬರುತ್ತಾರೆ. ಔಷಧದ ಅಂಗಡಿಯ ಹಲಗೆಯ ಹಿಂದೆ ನಿಲ್ಲುವವರಿಗೆ ಇದಕ್ಕಿಂತ ಒಳ್ಳೆಯ ಬಂಡವಾಳ ಯಾವುದಿದೆ? ಮಕ್ಕಳಿಗೆ ಈ ಮಾತನ್ನು ಸಂದರ್ಶನದಲ್ಲಿ ತಲೆ ಎತ್ತಿ ಹೇಳಲು ಕಲಿಸಿ.

ಇನ್ನು ಕಾಯುವ ದಿನಗಳ ಮಾತು. ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ ಕೈಮಗ್ಗದ ನೇಕಾರರು. ಮಗಳಿಗೆ ಪ್ಲಸ್ ಟುವಿನಲ್ಲಿ ಒಳ್ಳೆಯ ಅಂಕ ಬಂದಿದೆ. ಸರಕಾರಿ ಕೌನ್ಸೆಲಿಂಗ್‌ಗೂ ಅರ್ಜಿ ಹಾಕಿದ್ದಾರೆ, ಒಂದು ಖಾಸಗಿ ಕಾಲೇಜಿನ ಸಂದರ್ಶನಕ್ಕೂ ಹೋಗಿ ಬಂದಿದ್ದಾರೆ. ಉತ್ತರ ಬರಲಿಲ್ಲ. ಮೂರನೆಯ ವಾರ ಮತ್ತೊಂದು ಕಾಲೇಜಿನ ದಲ್ಲಾಳಿ ಬಂದು ಅಂಕಪಟ್ಟಿ, ಟಿ.ಸಿ., ಕಮ್ಯುನಿಟಿ ಸರ್ಟಿಫಿಕೇಟ್ ಎಲ್ಲವನ್ನೂ ತೆಗೆದುಕೊಂಡು, ಮುಂಗಡ ಹಣ ಪಡೆದು ಹೋಗುತ್ತಾನೆ. ಹತ್ತು ದಿನಗಳ ನಂತರ ಕೌನ್ಸೆಲಿಂಗ್‌ನಲ್ಲಿ ಮಗಳಿಗೆ ಕಡಿಮೆ ಶುಲ್ಕದ ಸೀಟು ಬರುತ್ತದೆ. ಆದರೆ ತೋರಿಸಲು ಕೈಯಲ್ಲಿ ಒರಿಜಿನಲ್ ಪತ್ರಗಳಿಲ್ಲ. ಕೇಳಲು ಹೋದರೆ, "ನಾಲ್ಕು ವರ್ಷದ ಶುಲ್ಕ ಕಟ್ಟಿ, ಕೊಡುತ್ತೇವೆ" ಎಂಬ ಉತ್ತರ. ಮಗಳ ಅಂಕವೂ ಕಡಿಮೆಯಾಗಿರಲಿಲ್ಲ, ಸಂದರ್ಶನವೂ ಕೆಟ್ಟಿರಲಿಲ್ಲ. ಕಾಯಲಾರದೆ ಕೊಟ್ಟ ನಾಲ್ಕು ಕಾಗದಗಳಿಂದ ಸೀಟು ಹೋಯಿತು. ಇಂಥದು ನಮ್ಮ ಯಾವ ಮನೆಯಲ್ಲೂ ಆಗಕೂಡದು.

ಆದ್ದರಿಂದ ಮೊದಲನೆಯ ಮಾತು: ಒರಿಜಿನಲ್ ಪತ್ರಗಳನ್ನು ಕೈಬಿಡಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಪ್ರಕಟಣೆ ಈ ವಿಷಯದಲ್ಲಿ ಬಹಳ ಸ್ಪಷ್ಟ. ಅರ್ಜಿ ಹಾಕುವಾಗ ಒರಿಜಿನಲ್ ಕೊಡಲೇಬೇಕೆಂದು ಕಾಲೇಜು ಕೇಳಕೂಡದು. ಪ್ರವೇಶದ ದಿನ ಪತ್ರಗಳನ್ನು ನೋಡಿ, ಪರಿಶೀಲಿಸಿ, ವಿದ್ಯಾರ್ಥಿಯೇ ಸಹಿ ಮಾಡಿದ ನಕಲುಗಳನ್ನು ಇಟ್ಟುಕೊಂಡು ಒರಿಜಿನಲ್‌ಗಳನ್ನು ಕೂಡಲೇ ಹಿಂದಿರುಗಿಸಬೇಕು. ವಿಶ್ವವಿದ್ಯಾಲಯಗಳಿಗೂ, ಅವುಗಳಿಗೆ ಸೇರಿದ ಕಾಲೇಜುಗಳಿಗೂ, ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ಇದು ಅನ್ವಯಿಸುತ್ತದೆ. ಯಾರಾದರೂ "ಇಟ್ಟು ಹೋಗಿ" ಎಂದರೆ, "ಎರಡು ಸೆಟ್ ಜೆರಾಕ್ಸ್ ತಂದಿದ್ದೇನೆ, ಒರಿಜಿನಲ್ ನೋಡಿ ಕೊಟ್ಟುಬಿಡಿ" ಎನ್ನಿ. ಅದಕ್ಕೂ ಒಪ್ಪದಿದ್ದರೆ, ತೆಗೆದುಕೊಂಡ ಪತ್ರಗಳ ಪಟ್ಟಿಗೆ ಕಾಲೇಜಿನ ಮೊಹರು ಮತ್ತು ಸಹಿ ಕೇಳಿ. ಸಹಿ ಕೇಳಿದ ಕೂಡಲೇ ಅನೇಕರ ಧ್ವನಿ ಬದಲಾಗುತ್ತದೆ.

ಎರಡನೆಯ ಮಾತು ಹಣದ್ದು. ಕಟ್ಟಿದ ಹಣಕ್ಕೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದೇ 2018ರ ಪ್ರಕಟಣೆಯ ಪ್ರಕಾರ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಸೀಟು ಬಿಟ್ಟರೆ ಶುಲ್ಕ ಪೂರ್ತಿ ಹಿಂದಿರುಗಬೇಕು. ಖರ್ಚಿನ ಲೆಕ್ಕದಲ್ಲಿ ಶೇಕಡಾ 5ಕ್ಕೆ, ಹೆಚ್ಚೆಂದರೆ 5,000 ರೂಪಾಯಿಗೆ ಮೀರದಂತೆ ಮಾತ್ರ ಹಿಡಿದುಕೊಳ್ಳಬಹುದು. ಕೊನೆಯ ದಿನಾಂಕಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ 90 ಶೇಕಡಾ, ದಿನಾಂಕ ಕಳೆದು 15 ದಿನದೊಳಗಾದರೆ 80 ಶೇಕಡಾ, ಅಲ್ಲಿಂದ 30 ದಿನದವರೆಗೆ 50 ಶೇಕಡಾ ಹಿಂದಿರುಗಬೇಕು. ಆ ಮೇಲೆ ಏನೂ ಬರುವುದಿಲ್ಲ. 2024-25ನೆಯ ಸಾಲಿಗೆ ಆಯೋಗ ಇನ್ನೂ ಉದಾರವಾಗಿ, 2024ರ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಹಣ ಕೊಡಬೇಕೆಂದು ತಿಳಿಸಿತ್ತು. ಪ್ರತಿ ಸಾಲಿನ ಸುತ್ತೋಲೆಯನ್ನು ಶಾಲೆಯ ಅಧ್ಯಾಪಕರಿಂದ ಕೇಳಿ ತಿಳಿಯಿರಿ. ಸೀಟು ಬಿಡುವಾಗ ಬಾಯಿಮಾತಿನಲ್ಲಿ ಬಿಡಬೇಡಿ. ದಿನಾಂಕ ಹಾಕಿದ ಪತ್ರ ಕೊಟ್ಟು, ಅದರ ನಕಲಿನ ಮೇಲೆ ಸಹಿ ಪಡೆಯಿರಿ. ದಿನ ಎಣಿಸುವುದು ಆ ದಿನಾಂಕದಿಂದಲೇ.

ಮೂರನೆಯ ಮಾತು, ಉತ್ತರವನ್ನು ಕೇಳಿ ಪಡೆಯುವುದು. ಸಂದರ್ಶನ ಮುಗಿದು ಹತ್ತು ದಿನಗಳಾದ ಮೇಲೆ ಒಂದು ಪತ್ರ ಬರೆಯಿರಿ. ದೊಡ್ಡ ಭಾಷೆ ಬೇಕಿಲ್ಲ. "ಇಂಥ ದಿನಾಂಕದಂದು ನನ್ನ ಮಗಳು ತಮ್ಮ ಕಾಲೇಜಿನಲ್ಲಿ ಬಿ.ಫಾರ್ಮಾ ಪ್ರವೇಶದ ಸಂದರ್ಶನಕ್ಕೆ ಹಾಜರಾಗಿದ್ದಾಳೆ. ಅವಳ ಅರ್ಜಿ ಸಂಖ್ಯೆ ಇಷ್ಟು. ಆಯ್ಕೆಪಟ್ಟಿ ಯಾವ ದಿನ ಪ್ರಕಟವಾಗುತ್ತದೆ, ಕಾಯುವ ಪಟ್ಟಿ ಇದ್ದರೆ ಅದರಲ್ಲಿ ಅವಳ ಸ್ಥಾನ ಎಷ್ಟು ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ." ಇಷ್ಟು ಸಾಕು. ಕಾಲೇಜಿಗೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆಯಿಸಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ಅಂಚೆಯ ಚೀಟಿ ಇಟ್ಟುಕೊಳ್ಳಿ. ಪತ್ರ ಬರೆದ ಪೋಷಕರನ್ನು ಮರೆಯುವುದು ಕಾಲೇಜಿಗೆ ಅಷ್ಟು ಸುಲಭವಲ್ಲ. ಸರಕಾರಿ ಆಯ್ಕೆ ಸಮಿತಿ ಅಥವಾ ವಿಶ್ವವಿದ್ಯಾಲಯದಿಂದ ವಿವರ ಬೇಕಾದರೆ 2005ರ ಮಾಹಿತಿ ಹಕ್ಕು ಕಾನೂನಿದೆ, 30 ದಿನಗಳೊಳಗೆ ಉತ್ತರ ಬರಬೇಕು. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಕನ್ನಡದಲ್ಲಿ ಬರೆದು ಜೊತೆಗೆ ಇಂಗ್ಲಿಷ್ ಪ್ರತಿ ಲಗತ್ತಿಸಿದರೆ ಕೆಲಸವೂ ಆಗುತ್ತದೆ, ಹಕ್ಕೂ ಉಳಿಯುತ್ತದೆ.

ನಾಲ್ಕನೆಯ ಮಾತು, ಕಾಲೇಜಿನ ಮಾನ್ಯತೆ. ಫಾರ್ಮಸಿ ಕಾನೂನಿನ 12ನೆಯ ಕಲಮಿನಂತೆ ಭಾರತೀಯ ಫಾರ್ಮಸಿ ಪರಿಷತ್ತು ಒಪ್ಪಿದ ಕಾಲೇಜಿನಲ್ಲಿ ಓದಿದವರಿಗೆ ಮಾತ್ರ ಫಾರ್ಮಾಸಿಸ್ಟರಾಗಿ ನೋಂದಣಿ ಸಿಗುತ್ತದೆ. ಒಪ್ಪಿಗೆ ಇಲ್ಲದ ಕಡೆ ನಾಲ್ಕು ವರ್ಷ ಓದಿದರೂ ಕೈಗೆ ಬರುವುದು ಬರೀ ಕಾಗದ. ದಲ್ಲಾಳಿ "ಈ ವರ್ಷ ಅನುಮತಿ ಬರುತ್ತದೆ" ಎಂದರೆ ನಂಬಬೇಡಿ. ಪರಿಷತ್ತಿನ ಪಟ್ಟಿಯಲ್ಲಿ ಹೆಸರಿದೆಯೇ, ತಮಿಳುನಾಡು ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ, ಇಲ್ಲವೇ ಡೀಮ್ಡ್ ವಿಶ್ವವಿದ್ಯಾಲಯದ ಅಂಗವೇ ಎಂಬುದನ್ನು ಸೀಟು ಕೇಳುವ ಮುಂಚೆಯೇ ನೋಡಿಸಿ. ಡಿ.ಫಾರ್ಮಾ ಸೇರುವವರಿಗೆ ಇನ್ನೊಂದು ಎಚ್ಚರಿಕೆ. 2022ರ ನಿಯಮಗಳ ಪ್ರಕಾರ ಡಿಪ್ಲೊಮಾ ಮುಗಿಸಿದ ಮೇಲೆ ನೋಂದಣಿಗೆ ಮುಂಚೆ ನಿರ್ಗಮನ ಪರೀಕ್ಷೆಯೊಂದಿದೆ. ಪಾಠ ಸರಿಯಾಗಿ ನಡೆಯದ ಕಾಲೇಜು ಆರಿಸಿಕೊಂಡರೆ ಅದರ ಫಲ ಅಲ್ಲಿ ಕಾಣಿಸುತ್ತದೆ.

ಐದನೆಯ ಮಾತು, ಕಾಗದಗಳಲ್ಲಿ ಹೆಸರು. ಕನ್ನಡದಲ್ಲಿ ಒಂದು ಬಗೆ, ತಮಿಳಿನಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಮತ್ತೊಂದು ಬಗೆ ಬರೆದ ಹೆಸರುಗಳಿಂದ ನಮ್ಮ ಮಕ್ಕಳು ಪಡುವ ತೊಂದರೆ ಅಷ್ಟಿಷ್ಟಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಒಕ್ಕಲಿಗರ ಹೆಸರೊಂದೇ ವಕ್ಕಲಿಗರ್, ಒಕ್ಕಲಿಗರ್, ಕಪ್ಪಿಲಿಯರ್, ಒಕ್ಕಲಿಗ ಗೌಡ ಎಂದು ಹಲವು ರೂಪಗಳಲ್ಲಿದೆ. ನಿಮ್ಮ ಕಮ್ಯುನಿಟಿ ಸರ್ಟಿಫಿಕೇಟಿನಲ್ಲಿರುವ ರೂಪ ಆ ಪಟ್ಟಿಯಲ್ಲಿ ಇದೆಯೇ, ಟಿ.ಸಿ.ಯಲ್ಲಿ ಬರೆದದ್ದಕ್ಕೆ ಹೊಂದುತ್ತದೆಯೇ ಎಂದು ಈ ಕಾಯುವ ದಿನಗಳಲ್ಲೇ ನೋಡಿ, ತಪ್ಪಿದ್ದರೆ ಇ-ಸೇವೈ ಕೇಂದ್ರಕ್ಕೂ ತಾಲೂಕು ಕಚೇರಿಗೂ ಹೋಗಿ ಸರಿಪಡಿಸಿಕೊಳ್ಳಿ. ಹತ್ತನೆಯ ತರಗತಿಯ ನಂತರ ಮಕ್ಕಳನ್ನು ಚಾಮರಾಜನಗರಕ್ಕೋ ಮೈಸೂರಿಗೋ ಪಿ.ಯು.ಸಿ.ಗೆ ಕಳಿಸಿದ ಮನೆಗಳವರು ತಮಿಳುನಾಡಿನ ನೇಟಿವಿಟಿ ಸರ್ಟಿಫಿಕೇಟನ್ನೂ ಸಿದ್ಧಪಡಿಸಿಕೊಳ್ಳಬೇಕು. ಕೌನ್ಸೆಲಿಂಗ್ ದಿನ ಹತ್ತಿರ ಬಂದಾಗ ತಾಲೂಕು ಕಚೇರಿಯ ಬಾಗಿಲಲ್ಲಿ ನಿಂತರೆ ಪ್ರಯೋಜನವಿಲ್ಲ.

ಇಷ್ಟಾದ ಮೇಲೆ ಕರ್ನಾಟಕದ ಬಾಗಿಲಿನ ಬಗ್ಗೆಯೂ ಹೇಳಬೇಕು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ನಮ್ಮ ಕೊಯಮತ್ತೂರು ಜಿಲ್ಲೆಯ ಒಂದು ತಾಲೂಕು. ರಾಜ್ಯಗಳ ವಿಂಗಡಣೆಯಾದಾಗ ಅದು ಮೈಸೂರಿಗೆ ಹೋಯಿತು. ತಾಳವಾಡಿಯೂ, ನಮ್ಮ ಊರುಗಳೂ ಇಲ್ಲೇ ಉಳಿದವು. ಗಡಿ ಎಲ್ಲಿ ಹಾದುಹೋಗಬೇಕೆಂದು ಯಾರೂ ನಮ್ಮ ಅಜ್ಜಂದಿರನ್ನು ಕೇಳಲಿಲ್ಲ. ಆ ಕಡೆಯ ಮಗು ಇಂದು ಕರ್ನಾಟಕದ ಸಿ.ಇ.ಟಿ.ಗೆ ಮನೆಮಗುವಾಗಿ ಕೂರುತ್ತದೆ, ಈ ಕಡೆಯ ಮಗು ಹೊರನಾಡಿನದು. ಆದರೂ ಬಾಗಿಲು ಮುಚ್ಚಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಹೊರನಾಡು ಕನ್ನಡಿಗರಿಗೆ ಅರ್ಹತೆ ಕೊಟ್ಟಿದ್ದಾರೆ. ತಾಯ್ನುಡಿ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಅವರಿಗಾಗಿ ಕನ್ನಡ ಭಾಷಾ ಪರೀಕ್ಷೆಯೊಂದನ್ನು ನಡೆಸುತ್ತಾರೆ. ಅದು 50 ಅಂಕಗಳದು, 12 ಅಂಕ ಬಂದರೆ ಸಾಕು. ಬಿ.ಫಾರ್ಮಾ ಶ್ರೇಣಿಯನ್ನು ಸಿ.ಇ.ಟಿ. ಅಂಕ ಮತ್ತು ಹನ್ನೆರಡನೆಯ ತರಗತಿಯ ಅಂಕ ಎರಡನ್ನೂ ಸಮವಾಗಿ ಸೇರಿಸಿ ಕಟ್ಟುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಆ ಭಾಷಾ ಪರೀಕ್ಷೆ ಎಷ್ಟರದು? ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಅಕ್ಷರ ಕಲಿಯದ ಮಕ್ಕಳು ಅಲ್ಲಿ ತಡವರಿಸುತ್ತಾರೆ. ನಮ್ಮ ಶಾಲೆಯ ಹತ್ತು ವರ್ಷಗಳು ಅಲ್ಲಿ ನೇರವಾಗಿ ಫಲ ಕೊಡುತ್ತವೆ.

ಆದರೆ ಎರಡು ವಿಷಯಗಳನ್ನು ಮರೆಯಬೇಡಿ. ಸಿ.ಇ.ಟಿ.ಗೆ ಅರ್ಜಿ ಹಾಕುವ ಕಾಲ ಪ್ಲಸ್ ಟು ಫಲಿತಾಂಶಕ್ಕೆ ಮುಂಚೆಯೇ ಬಂದು ಹೋಗುತ್ತದೆ, ಇಲ್ಲಿ ಸಂದರ್ಶನಕ್ಕೆ ಕಾಯುತ್ತಾ ಕುಳಿತಾಗ ಅಲ್ಲಿ ಹೊಸದಾಗಿ ಅರ್ಜಿ ಹಾಕಲು ಬರುವುದಿಲ್ಲ. ಈಗ ಹನ್ನೊಂದನೆಯ ತರಗತಿಯಲ್ಲಿ ಮಕ್ಕಳಿರುವ ಪೋಷಕರು ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಇನ್ನೊಂದು, ತಮಿಳುನಾಡಿನ ತಹಶೀಲ್ದಾರರು ಕೊಟ್ಟ ಜಾತಿ ಪತ್ರದ ಮೇಲೆ ಕರ್ನಾಟಕದಲ್ಲಿ ಮೀಸಲಾತಿ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಹಿಂದುಳಿದ ವರ್ಗದ ಮಗುವಿಗೆ ಇಲ್ಲಿನ ಕೌನ್ಸೆಲಿಂಗೇ ಹೆಚ್ಚು ಅನುಕೂಲವಾಗಬಹುದು. ಎರಡೂ ದಾರಿಗಳನ್ನು ತೆರೆದಿಟ್ಟುಕೊಳ್ಳಿ, ಯಾವುದರ ಮೇಲೂ ಪೂರ್ತಿ ಭಾರ ಹಾಕಬೇಡಿ.

ಕಡೆಯದಾಗಿ, ಮನೆಯೊಳಗಿನ ಮಾತು. ಉತ್ತರ ತಡವಾದಂತೆ ಮನೆಯಲ್ಲಿ ಬೇಸರ ಬೆಳೆಯುತ್ತದೆ. "ನಿನ್ನನ್ನು ಇಂಗ್ಲಿಷ್ ಕಾನ್ವೆಂಟಿಗೆ ಹಾಕಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ಯಾರೋ ನೆಂಟರು ಅನ್ನುತ್ತಾರೆ, ತಾಯಿಯೂ ಒಮ್ಮೊಮ್ಮೆ ಅನ್ನುತ್ತಾಳೆ. ಅದನ್ನು ಕೇಳಿದ ಮಗು ತನ್ನ ಭಾಷೆಯೇ ತನಗೆ ಅಡ್ಡಿಯಾಯಿತೆಂದು ನಂಬುತ್ತದೆ. ಮುಂದಿನ ವರ್ಷ ಅದೇ ಮನೆಯ ತಮ್ಮನನ್ನು ಕನ್ನಡ ಶಾಲೆಯಿಂದ ಬಿಡಿಸುತ್ತಾರೆ. ಒಂದು ಸೀಟಿನ ಉತ್ತರ ತಡವಾದರೆ ಒಂದು ತರಗತಿಯೇ ಖಾಲಿಯಾಗುತ್ತದೆ. ನಮ್ಮ ಶಾಲೆಗಳು ಮುಚ್ಚುವುದು ಸರಕಾರಿ ಆಜ್ಞೆಯಿಂದ ಮಾತ್ರವಲ್ಲ, ಹೀಗೂ ಮುಚ್ಚುತ್ತವೆ. ಸರಕಾರಿ ಸೀಟಿಗೆ ಭಾಷೆಯ ಅಂಕ ಲೆಕ್ಕವಿಲ್ಲ, ಪರಿಷತ್ತಿನ ನಿಯಮ ಶಾಲೆಯ ಮಾಧ್ಯಮವನ್ನು ಕೇಳುವುದಿಲ್ಲ, ಕರ್ನಾಟಕದ ಬಾಗಿಲಿಗೆ ಕನ್ನಡವೇ ಕೀಲಿಕೈ. ಹೀಗಿರುವಾಗ ತಪ್ಪನ್ನು ಕನ್ನಡದ ತಲೆಗೆ ಕಟ್ಟುವುದು ನ್ಯಾಯವೇ?

ಕಾಲೇಜುಗಳಿಗೂ ಸರಕಾರಕ್ಕೂ ನಮ್ಮ ಬೇಡಿಕೆಗಳು ಸರಳ. ಸಂದರ್ಶನ ನಡೆಸುವ ಪ್ರತಿ ಕಾಲೇಜೂ ಉತ್ತರ ಕೊಡುವ ದಿನಾಂಕವನ್ನು ಸಂದರ್ಶನದ ದಿನವೇ ಬರೆದು ಕೊಡಲಿ. ಆಯ್ಕೆಪಟ್ಟಿಯನ್ನೂ ಕಾಯುವ ಪಟ್ಟಿಯನ್ನೂ ಅಂಕಗಳ ಸಮೇತ ಫಲಕದಲ್ಲಿ ಹಾಕಲಿ. ಪ್ರವೇಶದ ವಿವರಪುಸ್ತಕವನ್ನು ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೆ ಅವರವರ ಭಾಷೆಯಲ್ಲಿ ಸರಕಾರ ಕಳಿಸಿಕೊಡಲಿ. ಕರ್ನಾಟಕ ಸರಕಾರವೂ ಗಡಿಯಾಚೆಯ ಕನ್ನಡ ಶಾಲೆಗಳಿಗೆ ಹೊರನಾಡು ಅರ್ಹತೆಯ ಬಗ್ಗೆ ಪ್ರತಿ ವರ್ಷ ಡಿಸೆಂಬರಿನೊಳಗೆ ತಿಳಿಸಲಿ. ನಮ್ಮ ಶಾಲೆಗಳ ಮುಖ್ಯೋಪಾಧ್ಯಾಯರು ಹಳೆಯ ವಿದ್ಯಾರ್ಥಿಗಳನ್ನು ಹತ್ತನೆಯ ತರಗತಿಗೇ ಬಿಟ್ಟುಬಿಡದೆ, ಪ್ಲಸ್ ಟು ಮುಗಿದ ಬೇಸಿಗೆಯಲ್ಲಿ ಒಂದು ದಿನ ಕರೆದು ಅರ್ಜಿ, ಕಾಗದಪತ್ರ ನೋಡಿ ಕೊಡಲಿ. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಸಾಕು.

ಪೋಷಕ ಬಂಧುಗಳೇ, ಈ ಸಂಚಿಕೆ ಕೈಸೇರುವ ಹೊತ್ತಿಗೆ ನಿಮ್ಮಲ್ಲಿ ಕೆಲವರು ಉತ್ತರಕ್ಕೆ ಕಾಯುತ್ತಿರಬಹುದು. ಇಂದು ಸಂಜೆ ಒಂದು ಕೆಲಸ ಮಾಡಿ. ಮಗುವಿನ ಒರಿಜಿನಲ್ ಪತ್ರಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು, ಎಣಿಸಿ, ಹೆಸರುಗಳನ್ನು ಓದಿ ನೋಡಿ ಮತ್ತೆ ಒಳಗಿಡಿ. ನಾಳೆ ಕಾಲೇಜಿಗೆ ಪತ್ರ ಬರೆಯಿರಿ. ಬರೆಯಲು ತೊಡಕಾದರೆ ನಿಮ್ಮ ಶಾಲೆಯ ಅಧ್ಯಾಪಕರ ಬಳಿ ಹೋಗಿ, ಸಂಕೋಚಪಡಬೇಡಿ. ಸೀಟು ಸಿಕ್ಕವರು ಪಕ್ಕದ ಮನೆಯವರಿಗೆ ದಾರಿ ಹೇಳಿ. ಸಿಗದವರು ಮಗುವಿನ ಮುಂದೆ ಭಾಷೆಯನ್ನು ಬೈಯಬೇಡಿ, ಡಿ.ಫಾರ್ಮಾದಿಂದ ಬಿ.ಫಾರ್ಮಾಕ್ಕೆ ಏರುವ ಮೆಟ್ಟಿಲು ಇದೆಯೆಂದು ಹೇಳಿ. ಎಲ್ಲ ಮಕ್ಕಳಿಗೂ ಒಳ್ಳೆಯ ಉತ್ತರ ಬೇಗ ಬರಲೆಂದು ಹಾರೈಸುತ್ತೇವೆ.